ಧಣ್ಯಾರ ಬೆನ್ನು ಹತ್ತಿದ ಅಕ್ಕ

ಅವರ ಬಲಗೈಯ ಮೂರು ಬೆರಳುಗಳ ತುದಿ ಎತ್ತಿನ ಗೊರಸಿನ ಹಾಗೆ ಗಟ್ಟಿಯಾಗಿತ್ತು. ತೋರುಬೆರಳು, ನಡುಬೆರಳು, ಉಂಗುರಬೆರಳು, ಇಷ್ಟೇ. ಉಳಿದ ಕೈಯೆಲ್ಲ ಮೆತ್ತಗೆ, ಬೆಚ್ಚಗೆ. ಮೆಲ್ಬರ್ನಿನ ಟ್ರುಗನಿನಾದ ಬಾಡಿಗೆ ಮನೆಗೆ ನಾನು ಬಂದ ಮೂರನೆಯ ದಿನ ಅವರು ಬೇಲಿಯ ಮೇಲಿಂದ ಸ್ಟೀಲ್ ಡಬ್ಬಿಯಲ್ಲಿ ಎಣ್ಣೆಗಾಯಿ ಕೊಟ್ಟರು. ಡಬ್ಬಿ ತೆಗೆದುಕೊಳ್ಳುವಾಗ ಆ ಬೆರಳುಗಳು ನನ್ನ ಕೈಗೆ ತಾಗಿದವು. ನಾನು ಮೈಸೂರಿನವಳು, ಗಟ್ಟಿ ಬೆರಳು ಅಂದರೆ ನನಗೆ ಸಂಗೀತವೇ ಹೊಳೆಯುವುದು.

“ವೀಣೆ ನುಡಿಸ್ತೀರಾ?” ಅಂತ ಕೇಳಿಯೇಬಿಟ್ಟೆ.

“ಹೂಂ, ಒಂದ ತಂತೀದು,” ಅಂದು ಗೊಳ್ಳನೆ ನಕ್ಕರು. “ಬಾ, ತೋರಸ್ತೀನಿ.”

ಅವರ ಗ್ಯಾರೇಜಿನ ಗೋಡೆಯ ಮೇಲೆ ನನ್ನ ಎದೆಯೆತ್ತರದ ಮರದ ಬಿಲ್ಲೊಂದು ತೂಗುತ್ತಿತ್ತು. ಎದುರು ಮೂಲೆಯಲ್ಲಿ ಹುಲ್ಲಿನ ಪಿಂಡಿ, ಅದರ ಮೇಲೆ ಒಂದು ಹಳೆಯ ರಗ್ಗು, ರಗ್ಗಿನ ತುಂಬ ತೂತು. ಅವರು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಬಿಲ್ಲು ತೆಗೆದು, ಎಳೆದು, ಬಿಟ್ಟರು. ಥಕ್ ಅಂತ ಸದ್ದಾಯಿತು. ನಾನು ಹೌಹಾರಿ ವಾಷಿಂಗ್ ಮಷೀನಿಗೆ ಒರಗಿಕೊಂಡೆ. ಐದಡಿ ಎತ್ತರದ, ನರೆತ ಜಡೆಯ, ದಾರ ಕಟ್ಟಿದ ಕನ್ನಡಕದ ಬೆಳಗಾವಿಯ ಹೆಂಗಸು! ವೇರ್‌ಹೌಸಿನಲ್ಲಿ ಶಿಫ್ಟ್ ಸೂಪರ್‌ವೈಸರ್! ಇಂಥವರು ಬಿಲ್ಲು ಹಿಡಿದು ಕಾಡಿಗೆ ಹೋಗುತ್ತಾರೆಂದರೆ ಯಾರು ನಂಬುತ್ತಾರೆ?

ನಮ್ಮ ಬೀದಿಯ ಮಕ್ಕಳಿಗೆಲ್ಲ ಅವರು ಆಂಟಿ. ನನಗೂ ಮೊದಲು ಅದೇ ಬಾಯಿಗೆ ಬಂತು. “ಆಂಟಿ ಅಂದ್ರ ಡಬ್ಬಿ ಇಲ್ಲೇ ಇಟ್ಟು ಹೋಗು,” ಅಂದರು. ಅಂದಿನಿಂದ ಅವರು ನನಗೆ ಅಕ್ಕ. ಅವರ ಗಂಡ ಭಾವ. ನಾನು ಅವರಿಗೆ ಕೊನೆಯವರೆಗೂ ‘ಮೈಸೂರಾಕಿ’.

ಬಿಲ್ಲಿನ ಹುಚ್ಚು ಹತ್ತಿಸಿದವನು ಅವರ ವೇರ್‌ಹೌಸಿನ ಫೋರ್ಕ್‌ಲಿಫ್ಟ್ ಡ್ರೈವರ್, ಇಲ್ಲಿಯ ಬಿಳಿಯ ಮುದುಕ. ಒಂದು ಭಾನುವಾರ ತನ್ನ ಆರ್ಚರಿ ಕ್ಲಬ್ಬಿಗೆ ಕರೆದುಕೊಂಡು ಹೋಗಿ ಕೈಗೆ ಬಿಲ್ಲು ಕೊಟ್ಟನಂತೆ. ಅಕ್ಕನ ಮೊದಲ ಬಾಣ ಗುರಿ ಬಿಟ್ಟು ಬಾರ್ಬೆಕ್ಯೂ ಮೇಲೆ ಕಟ್ಟಿದ್ದ ತಾಡಪಾಲಿಗೆ ಹೋಗಿ ಚುಚ್ಚಿತು. ಎರಡನೆಯದೂ ಅಲ್ಲಿಗೇ ಹೋಯಿತಂತೆ. “ಎಲ್ಲಾರೂ ನಗಾಕತ್ತಿದ್ರು. ನನಗ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ ನೋಡು,” ಅನ್ನುತ್ತಿದ್ದರು. ಎರಡು ವರ್ಷ ಕಲಿತು, ಲೈಸೆನ್ಸ್ ಮಾಡಿಸಿ, ಆ ಮುದುಕನ ಜೊತೆ ಮ್ಯಾನ್ಸ್‌ಫೀಲ್ಡ್ ಆಚೆಯ ಗುಡ್ಡಗಳಿಗೆ ಹೋಗಲು ಶುರು ಮಾಡಿದರು. ಆಮೇಲೆ ಒಬ್ಬರೇ.

ಅಲ್ಲಿ ಇರುವುದು ನಮ್ಮ ಕಡವೆ. ಹೌದು, ನಮ್ಮ ಕಾಡಿನದೇ. ಯಾವ ಕಾಲದಲ್ಲೋ ಬ್ರಿಟಿಷರು ಹಡಗಿನಲ್ಲಿ ತಂದು ಬಿಟ್ಟದ್ದು ಈಗ ವಿಕ್ಟೋರಿಯಾದ ಗುಡ್ಡಗಳಲ್ಲೆಲ್ಲ ತುಂಬಿಕೊಂಡಿದೆ. ಸರ್ಕಾರವೇ ಬೇಟೆಗೆ ಅನುಮತಿ ಕೊಡುತ್ತದೆ. ಆದರೆ ಬಂದೂಕಿನವರಿಗೂ ಸುಲಭಕ್ಕೆ ಸಿಗದ ಪ್ರಾಣಿ ಅದು, ಇನ್ನು ಬಿಲ್ಲಿನವರ ಪಾಡು ಕೇಳಬೇಕೆ! ಅಕ್ಕ ಏಳು ವರ್ಷದಿಂದ ಬೆನ್ನು ಹತ್ತಿದ್ದು ಒಂದೇ ಒಂದು ಗಂಡು ಕಡವೆಯನ್ನು. ಬಲಗಿವಿ ಸೀಳಿತ್ತು, ಕೊಂಬು ಕುರ್ಚಿಯ ತೋಳಿನಷ್ಟು ದಪ್ಪ. ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ತೆಗೆದ ಅದರ ಫೋಟೋಗಳು ಫೋನಿನ ತುಂಬ ಇದ್ದವು, ಮಕ್ಕಳ ಫೋಟೋಗಳಿಗಿಂತ ಜಾಸ್ತಿ. ಅದಕ್ಕೆ ಅವರಿಟ್ಟ ಹೆಸರು ‘ಧಣ್ಯಾರು’, ಅಂದರೆ ಧಣಿಗಳು. ಬರಿಗೈಲಿ ವಾಪಸ್ ಬಂದ ದಿನ ಬೇಲಿಯ ಹತ್ತಿರ ನಿಂತು, “ಇವತ್ತೂ ಧಣ್ಯಾರು ದರ್ಶನ ಕೊಡಲಿಲ್ಲವಾ, ಮೀಟಿಂಗಿನ್ಯಾಗ ಇದ್ರಂತ,” ಅನ್ನುತ್ತಿದ್ದರು.

“ಪಾಪ ಅನ್ಸಲ್ವಾ ಅಕ್ಕ?” ಅಂತ ಒಮ್ಮೆ ಕೇಳಿದ್ದೆ. ನಾನು ಮೊಟ್ಟೆಯನ್ನೂ ಮುಟ್ಟದವಳು, ಕೇಳದೆ ಇರಲಾಗಲಿಲ್ಲ.

“ಅನಸ್ತದ,” ಅಂದರು, ಮುಚ್ಚುಮರೆಯಿಲ್ಲದೆ. “ಅನಸೋದು ನಿಂತ ದಿನ ಬಿಲ್ಲ ಇಳಿಸಿಬಿಡತೀನಿ.”

ಅವರದೊಂದು ಕಟ್ಟುನಿಟ್ಟಿನ ಲೆಕ್ಕವಿತ್ತು. ಪ್ರಾಣಿ ಹತ್ತು ಮಾರಿನ ಒಳಗೆ ಬಂದರೆ ಮಾತ್ರ ಬಾಣ ಬಿಡುವುದು. ಮೀಟರಲ್ಲ, ಮಾರು. ಎರಡೂ ತೋಳು ಚಾಚಿ ಅಳೆಯುವ ಮಾರು. ಎಲ್ಲಿ ಕೂತರೂ ಮೊದಲು ನೆಲದಲ್ಲಿ ಹತ್ತು ಮಾರು ಅಳೆದು ಕಲ್ಲಿಡುತ್ತಿದ್ದರು. ನಾಲ್ಕನೆಯ ವರ್ಷ ಧಣ್ಯಾರು ಹದಿನಾಲ್ಕು ಮಾರಿನಲ್ಲಿ, ಬಟಾಬಯಲಲ್ಲಿ, ಅಡ್ಡಲಾಗಿ ನಿಂತಿದ್ದರಂತೆ. ಅಕ್ಕ ಬಿಲ್ಲೆತ್ತಲಿಲ್ಲ. “ಗಾಯ ಆಗಿ ತಪ್ಪಿಸಿಕೊಂಡ್ರ ಎಲ್ಲೋ ಬಿದ್ದು ಎರಡು ದಿನ ನರಳತಾನ. ಅದು ನನಗ ಬ್ಯಾಡ,” ಅನ್ನುವುದು ಅವರ ಮಾತು. ಈ ಕಥೆ ಹೇಳಿದಾಗಲೆಲ್ಲ ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

ಕಾಡಿಗೆ ಹೋಗುವ ಮೂರು ದಿನ ಮೊದಲಿನಿಂದ ಅವರ ಮನೆಯಲ್ಲಿ ಒಗ್ಗರಣೆ ಬಂದ್. ಇಂಗು, ಬೆಳ್ಳುಳ್ಳಿ ಒಲೆ ಹತ್ತುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ, ತಲೆಗೆ ಕೊಬ್ಬರಿ ಎಣ್ಣೆ ಇಲ್ಲ. ಬೇಟೆಯ ಬಟ್ಟೆಗಳನ್ನು ನೀಲಗಿರಿ ಎಲೆಯ ಜೊತೆ ಡಬ್ಬದಲ್ಲಿ ಮುಚ್ಚಿ ಶೆಡ್ಡಿನಲ್ಲಿಡುತ್ತಿದ್ದರು. “ನಮ್ಮ ಮನಿ ಬಟ್ಟಿ ಅಂದ್ರ ಅಡಗಿಮನಿ. ಧಣ್ಯಾರಿಗೆ ಒಂದು ಮೈಲಿಯಿಂದ ಗೊತ್ತಾಗತೈತಿ,” ಅನ್ನುತ್ತಿದ್ದರು. ಸಪ್ಪೆ ಬೇಳೆ ತಿಂದು ತಿಂದು ಬೇಸತ್ತ ಭಾವ ನಮ್ಮ ಮನೆಗೆ ಬಂದು, “ಏನವಾ, ಸಾರು ಐತೇನು? ಆ ಕಡವಿ ಸತ್ತರ ನನಗ ಊಟ ಸಿಗತೈತಿ,” ಅಂತ ಗೋಳಾಡುತ್ತಿದ್ದರು.

ಏಳನೆಯ ವರ್ಷ ಅಕ್ಕನ ಬಲಭುಜ ಕೈಕೊಟ್ಟಿತು. ವೇರ್‌ಹೌಸಿನಲ್ಲಿ ಪೆಟ್ಟಿಗೆ ಎತ್ತಿದ್ದೂ ಸೇರಿ, ಬಿಲ್ಲು ಎಳೆದದ್ದೂ ಸೇರಿ ಒಳಗಿನ ಸ್ನಾಯು ಹರಿದಿತ್ತು. ಆಪರೇಷನ್ ಆಗಲೇಬೇಕು, ಆದ ಮೇಲೆ ಬಿಲ್ಲಿನ ಮಾತು ಮರೆತುಬಿಡಿ ಅಂದರು ಡಾಕ್ಟರು. ಅಕ್ಕ ಮನೆಗೆ ಬಂದವರೇ ನನಗೆ ಹೇಳಿದ್ದು ಒಂದೇ ಮಾತು: “ಧಣ್ಯಾರಿಗೆ ಹೆಂಗ ಹೇಳ್ಲಿ?” ನಗುತ್ತಲೇ ಹೇಳಿದರು, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು. ಏಳು ವರ್ಷದ ಬೆನ್ನುಹತ್ತುವಿಕೆ ಹೀಗೆ ಮುಗಿಯಬಾರದು ಅನ್ನುವುದು ನನಗೂ ಹಟಕ್ಕೆ ಬಿತ್ತು. ಆಪರೇಷನ್ನಿಗೆ ಮೊದಲು ಕೊನೆಯದಾಗಿ ಒಮ್ಮೆ ಹೋಗುತ್ತೇನೆಂದಾಗ, ನಾನೂ ಬರ್ತೀನಿ, ಚೀಲ ಹೊರ್ತೀನಿ, ಉಸಿರೆತ್ತಲ್ಲ ಅಂತ ಗೋಗರೆದೆ.

ಮ್ಯಾನ್ಸ್‌ಫೀಲ್ಡಿನಲ್ಲಿ ತಂಗಿದ್ದು ಬೆಳಗಿನ ಮಂಜಿನಲ್ಲಿ ಕಾಡು ಹೊಕ್ಕೆವು. ಅಕ್ಕ ನಡೆಯುವುದನ್ನು ನೋಡಬೇಕಿತ್ತು! ಎರಡು ಹೆಜ್ಜೆ, ನಿಲ್ಲು. ಮೂರು ಹೆಜ್ಜೆ, ನಿಲ್ಲು. ಜೇಬಿನಿಂದ ಒಂದು ಚಿಟಿಕೆ ಟಾಲ್ಕಂ ಪೌಡರ್, ವಾಸನೆ ಇಲ್ಲದ್ದು, ಗಾಳಿಗೆ ತೂರಿ ಅದು ಹೋಗುವ ದಿಕ್ಕು ನೋಡುವುದು. “ಗಾಳಿ ಮೊದಲ, ಕಣ್ಣ ಆಮ್ಯಾಲೆ,” ಅಂತ ಪಿಸುಗುಟ್ಟಿದರು. ಎರಡು ಗಂಟೆ ಹೀಗೇ ನಡೆದ ಮೇಲೆ ಹಳ್ಳದ ಹತ್ತಿರ ನನ್ನನ್ನು ಕೂರಿಸಿ, ಎದುರಿನ ಇಳಿಜಾರಿನ ಜರಿಗಿಡಗಳ ಕಡೆ ಬೆರಳು ತೋರಿದರು. ಸೀಳಿದ ಕಿವಿಯೊಂದು ಅಲುಗಿತು. ಅಯ್ಯೋ, ನನ್ನ ಎದೆ ಹೊಡೆದುಕೊಂಡ ರಭಸಕ್ಕೆ ಅದೇ ಅವನಿಗೆ ಕೇಳಿಸೀತು ಅನ್ನಿಸಿತು!

ಅಕ್ಕ ತೆವಳುತ್ತ ಮುಂದೆ ಹೋದರು. ನಾನು ಒಬ್ಬಳೇ. ಉದ್ವೇಗ ಬಂದರೆ ನನಗೆ ಹಸಿವಾಗುತ್ತದೆ, ಚಿಕ್ಕಂದಿನಿಂದ ಹಾಗೇ, ಪರೀಕ್ಷೆಯ ದಿನ ನಾಲ್ಕು ಇಡ್ಲಿ ಜಾಸ್ತಿ. ಚೀಲದಲ್ಲಿ ಮಧ್ಯಾಹ್ನಕ್ಕೆಂದು ತಂದ ಡಬ್ಬಿಯಿತ್ತು. ಬಟ್ಟೆಯ ನಿಯಮ, ಎಣ್ಣೆಯ ನಿಯಮ ಎಲ್ಲ ಪಾಲಿಸಿದ್ದೆ. ಡಬ್ಬಿಯ ಒಳಗಿರುವುದು ಪುಳಿಯೋಗರೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ. ಪ್ರಯಾಣ ಅಂದರೆ ಪುಳಿಯೋಗರೆ, ನಮ್ಮಮ್ಮನ ಕಾಲದಿಂದ ಬಂದದ್ದು. ಮುಚ್ಚಳ ತೆಗೆದು ಒಂದು ತುತ್ತು ಬಾಯಿಗಿಟ್ಟೆ. ಅಷ್ಟರಲ್ಲೇ ಬಿಸಿಲು ಹಳ್ಳಕ್ಕೆ ಬಿದ್ದಿತ್ತು. ಬಿಸಿಲು ಬಿದ್ದರೆ ಗಾಳಿ ಗುಡ್ಡ ಹತ್ತುತ್ತದೆ ಅಂತ ಅಕ್ಕ ನೂರು ಸಲ ಹೇಳಿದ್ದರು.

ಒಂದೇ ಒಂದು ಸಲ, ಹಳೆಯ ಕಾರಿನ ಹಾರ್ನ್ ಹೊಡೆದ ಹಾಗೆ, ಕೂಗು ಕೇಳಿಸಿತು. ಜರಿಗಿಡಗಳು ಅಲುಗಿದವು. ಧಣ್ಯಾರು ಹೋದರು.

ಅಕ್ಕ ವಾಪಸ್ ಬಂದು ನನ್ನ ಕೈಯಲ್ಲಿನ ಡಬ್ಬಿ ನೋಡಿದರು. ನಾನು ಬಾಯಲ್ಲಿದ್ದ ತುತ್ತು ನುಂಗಲಾಗದೆ, ಉಗುಳಲಾಗದೆ ಅಳುತ್ತಿದ್ದೆ. “ಸಾರಿ ಅಕ್ಕ, ಸಾರಿ, ಎಲ್ಲ ಹಾಳು ಮಾಡ್ಬಿಟ್ಟೆ ನಾನು.” ಅವರು ಬಿಲ್ಲು ಮರಕ್ಕೆ ಒರಗಿಸಿ ನನ್ನ ಪಕ್ಕ ಕೂತರು. ಆಮೇಲೆ ಡಬ್ಬಿ ಎಳೆದುಕೊಂಡು ತಿನ್ನತೊಡಗಿದರು. “ಧಣ್ಯಾರಿಗೆ ಸೇರಲಿಲ್ಲ. ನನಗ ಸೇರತೈತಿ. ಶೇಂಗಾ ಇನ್ನಷ್ಟು ಹಾಕಬೇಕಿತ್ತು.” ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಮುಂದಿನ ತಿಂಗಳೇ ಕೆಲಸ ಬದಲಾಗಿ ನಾನು ಸಿಡ್ನಿಗೆ ಹೋದೆ. ಗಿರಾವೀನ್‌ನಲ್ಲಿ ಮನೆ, ಮ್ಯಾಕ್ವೆರಿ ಪಾರ್ಕ್‌ನಲ್ಲಿ ಆಫೀಸು. ಮೆಟ್ರೋದಲ್ಲಿ ಕೂತರೂ ಆ ಕೂಗೇ ಕಿವಿಯಲ್ಲಿ. ಏಳು ವರ್ಷದ ತಪಸ್ಸನ್ನು ಒಂದು ತುತ್ತಿಗೆ ಕೆಡಿಸಿದವಳು ನಾನು ಎಂಬುದು ಮರೆಯುತ್ತಲೇ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಲೂ ಮುಖವಿರಲಿಲ್ಲ.

ಒಂದು ಮಧ್ಯಾಹ್ನ ಮೀಟಿಂಗಿನಲ್ಲಿದ್ದಾಗ ಅವರದೇ ಫೋನ್ ಬಂತು. ಹೊರಗೆ ಓಡಿ ಎತ್ತಿದೆ.

“ಏ ಮೈಸೂರಾಕಿ! ಕ್ಯಾಮೆರಾ ತಂದೆ. ಮ್ಯಾಲಿನ ತಗ್ಗಿನ್ಯಾಗ ಕಟ್ಟಿದ್ನಲ್ಲ, ಅದು. ಆ ದಿನದ್ದು ಐತಿ. ನೀ ಡಬ್ಬಿ ತಗದು ಹನ್ನೆರಡು ನಿಮಿಷಕ್ಕ ಧಣ್ಯಾರು ಅಲ್ಲಿಂದ ಹಾದು ಹೋಗ್ಯಾರ. ಓಡಿಲ್ಲ. ಕೇಳಸ್ತೇನು? ಓಡಿಲ್ಲ! ನಡಕೋತ, ಹಿಂದ ನೋಡಕೋತ ಹೋಗ್ಯಾರ.”

“ಅದಕ್ಕೆ?”

“ಅದಕ್ಕೇನ, ನಿನ್ನ ತಲಿ! ಮನಷ್ಯಾರ ವಾಸನಿ ಬಂದ್ರ ಜೀವ ಬಿಟ್ಟು ಓಡತಾನ, ಒಮ್ಮೆ ಒಂದ ದಾರಿ, ಇನ್ನೊಮ್ಮೆ ಇನ್ನೊಂದ. ನಿನ್ನ ವಾಸನಿ ಇಂಗಿನ್ಯಾಗ ಮುಚ್ಚಿಹೋಗಿತ್ತು, ಇಂಗು ಅಂದ್ರೇನಂತ ಅವನಿಗೆ ಗೊತ್ತಿಲ್ಲ. ತಿಳೀಲಿಲ್ಲ, ಮೆಲ್ಲಕ ಎದ್ದು ಮ್ಯಾಲ ನಡದ. ಈ ಸಲ ನೀ ಕೆಳಗ ಒಗ್ಗರಣಿ ಹಾಕು, ನಾ ಮ್ಯಾಲ ಕುಂದರತೀನಿ.”

“ಅಕ್ಕ, ನಿಮ್ಮ ಭುಜ?”

“ಆಪರೇಷನ್ ಮುಂದಿನ ವಾರ ಗುರುವಾರ. ಈ ಭುಜದಾಗ ಇನ್ನೊಂದ ಬಾಣ ಐತಿ. ಒಂದ. ಬರ್ತಿಯೋ ಇಲ್ಲೋ?”

ಆ ಶುಕ್ರವಾರವೇ ಮೆಲ್ಬರ್ನಿನ ಟಲ್ಲಮರೀನ್ ಏರ್‌ಪೋರ್ಟಿನಲ್ಲಿ ಇಳಿದೆ. ಶನಿವಾರ ಬೆಳಿಗ್ಗೆ ಹಳ್ಳದ ಪಕ್ಕ, ಅದೇ ಜಾಗದಲ್ಲಿ, ಪುಟ್ಟ ಗ್ಯಾಸ್ ಸ್ಟೌವ್ ಮುಂದಿಟ್ಟುಕೊಂಡು ಕೂತಿದ್ದೆ. ರಾತ್ರಿಯೆಲ್ಲ ಮಳೆ ಬಿದ್ದು ಕಾಡು ತೊಯ್ದಿತ್ತು, ಬೆಂಕಿಯ ಭಯವಿರಲಿಲ್ಲ. ಅಕ್ಕ ಬೆಳಕು ಹರಿಯುವ ಮೊದಲೇ ಸುತ್ತುದಾರಿ ಹಿಡಿದು ಮೇಲಿನ ತಗ್ಗಿಗೆ ಹೋಗಿದ್ದರು. ಎದುರಿನ ಬಿಳಿಯ ಮರದ ಬುಡಕ್ಕೆ ಬಿಸಿಲು ತಾಗಿದಾಗ ಶುರು ಮಾಡಬೇಕು, ಅವರು ಬರುವವರೆಗೆ ಅಲ್ಲಿಂದ ಏಳಬಾರದು. ಇಷ್ಟೇ ಅಪ್ಪಣೆ.

ಬಿಸಿಲು ಮರದ ತುದಿಗೆ ಬಂತು. ನಡುವಿಗೆ ಬಂತು. ಲೈಟರ್ ಎರಡು ಸಲ ಕೈಜಾರಿ ಬಿತ್ತು. ಬುಡಕ್ಕೆ ಬಿಸಿಲು ತಾಗಿದ್ದೇ ಎಣ್ಣೆ ಕಾಯಿಸಿದೆ, ಸಾಸಿವೆ ಸಿಡಿಸಿದೆ, ಒಣಮೆಣಸಿನಕಾಯಿ ಮುರಿದು ಹಾಕಿದೆ, ಇಂಗನ್ನು ಚಮಚದಲ್ಲೇ ಸುರಿದೆ. ಘಮ್ ಅಂತ ಎದ್ದಿತು ನೋಡಿ! ಜೊತೆಗೆ ಘಾಟು. ಕೆಮ್ಮು ಒತ್ತರಿಸಿ ಬಂತು. ಕೆಮ್ಮಿದರೆ ಮುಗಿಯಿತು ಕಥೆ. ಶಾಲನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಬಾಣಲೆ ಅಲ್ಲಾಡಿಸುತ್ತಲೇ ಇದ್ದೆ. ಹೊಗೆ ನೀಲಿಯ ಎಳೆಯಾಗಿ ಗುಡ್ಡ ಹತ್ತತೊಡಗಿತು.

ಆಗ ಅವನು ಎದ್ದ. ಜರಿಗಿಡಗಳ ನಡುವಿನಿಂದ ಮೊದಲು ಕೊಂಬು, ಆಮೇಲೆ ಸೀಳಿದ ಕಿವಿ, ಆಮೇಲೆ ಆ ದೊಡ್ಡ ಕಂದು ಮೈ. ಅಬ್ಬಾ, ಎಂಥ ಗತ್ತು! ಫೋಟೋದಲ್ಲಿ ಕಂಡದ್ದು ಏನೂ ಅಲ್ಲ. ತಲೆ ತಿರುಗಿಸಿ ಕೆಳಗೆ ನನ್ನ ಕಡೆಗೇ ನೋಡಿದ. ನಾನು ಉಸಿರು ಕಟ್ಟಿ ಕೂತೆ. ಓಡ್ಬೇಡ, ಓಡ್ಬೇಡ, ಓಡ್ಬೇಡ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಮೂಗರಳಿಸಿ ಒಮ್ಮೆ ಕೂಗಿದ. ಮತ್ತೆ ಮೆಲ್ಲಗೆ ತಿರುಗಿ, ಒಂದೊಂದೇ ಹೆಜ್ಜೆ ಇಡುತ್ತ, ಮೇಲಕ್ಕೆ ನಡೆದ. ಮರಗಳ ಸಂದಿಯಲ್ಲಿ ಮರೆಯಾದ.

ಆಮೇಲೆ ಏನೂ ಇಲ್ಲ. ಬಿಲ್ಲಿನ ಬೇಟೆಯಲ್ಲಿ ಢಂ ಅನ್ನುವ ಸದ್ದಿಲ್ಲವಲ್ಲ! ಆಯಿತೋ, ತಪ್ಪಿತೋ, ಅಕ್ಕನ ಭುಜವೇ ಕಿತ್ತುಬಂತೋ, ಕೆಳಗೆ ಕೂತವಳಿಗೆ ಏನು ಗೊತ್ತಾಗಬೇಕು? ಅರ್ಧ ಗಂಟೆ. ಒಂದು ಗಂಟೆ. ಬಾಣಲೆ ತಣ್ಣಗಾಯಿತು. ಒಂದು ಹಕ್ಕಿ ಬಂದು ನನ್ನ ಬೂಟಿನ ಪಕ್ಕ ಮಣ್ಣು ಕೆದರಿ ಹೋಯಿತು. ಉಗುರು ಕಚ್ಚಲು ಉಗುರೇ ಉಳಿದಿರಲಿಲ್ಲ.

ಕೊನೆಗೂ ಅಕ್ಕ ಇಳಿದು ಬಂದರು. ಎಡಗೈಯಲ್ಲಿ ಬಿಲ್ಲು. ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದರು, ಮುಖ ಬಿಳಿಚಿತ್ತು.

“ಬಾಣ ಹತ್ತೇತಿ,” ಅಂದರು.

ನಾನು ಬಾಣಲೆ ಸರಿಸಿ ಅವರಿಗೆ ಕೂರಲು ಜಾಗ ಮಾಡಿದೆ.

“ಎಂಟ ಮಾರು. ಎಳದೆ ನೋಡು, ಭುಜದಾಗ ಕೆಂಡ ಇಟ್ಟಂಗ ಆತು. ಅವಾ ನಡಕೋತನ ಹೊಂಟಿದ್ದ. ಇನ್ನ ಹಿಡಿಯೂದು ಆಗೂದಿಲ್ಲ, ಇಳಿಸಿಬಿಡೂಣು ಅನ್ನೂದ್ರಾಗ ನಿಂತು ಹಿಂದ ನೋಡಿದ. ಯಾಕ ಹೇಳು? ನಿನ್ನ ಒಗ್ಗರಣಿ ಇನ್ನೂ ಬರಾಕತ್ತಿತ್ತು.” ಅವರು ಬಿಲ್ಲನ್ನು ನೆಲಕ್ಕಿಟ್ಟರು. “ಬಿಟ್ಟೆ. ಬರೋಬ್ಬರಿ ಹತ್ತೇತಿ, ಬಾಣ ಸಿಕ್ಕೇತಿ. ದೂರ ಹೋಗಿರೂದಿಲ್ಲ.”

“ಮತ್ತೆ ಹೋಗಿ ನೋಡೋದಲ್ವಾ ಅಕ್ಕ! ಇಷ್ಟು ದೂರ ಕೆಳಗೆ ಯಾಕೆ ಇಳಿದು ಬಂದ್ರಿ?”

“ಏಳು ವರ್ಷ ಒಬ್ಬಾಕಿನ ಹೋಗೇನಿ. ಇದಕ್ಕ ಒಬ್ಬಾಕಿನ ಹೋಗಾಕ ಮನಸ ಬರಲಿಲ್ಲ. ಇದು ನಮ್ಮಿಬ್ಬರದು. ಏಳು.”

ಮೇಲಿನ ತಗ್ಗಿನಿಂದ ರಕ್ತದ ಜಾಡು ಹಿಡಿದೆವು. ಎಲೆಯ ಮೇಲೊಂದು ಹನಿ, ಕಲ್ಲಿನ ಮೇಲೊಂದು. ಅಕ್ಕನ ಕನ್ನಡಕಕ್ಕೆ ಮಂಜು ಹಿಡಿದಿತ್ತು, ಹಾಗಾಗಿ ನಾನೇ ಮುಂದೆ. ರಕ್ತ ಕಂಡರೆ ತಲೆ ಸುತ್ತುವವಳು ಮಂಡಿಯೂರಿ ರಕ್ತ ಹುಡುಕುತ್ತಿದ್ದೆ! ಬಂಡೆಗಳ ಹತ್ತಿರ ಜಾಡು ತಪ್ಪಿತು. ಬಂಡೆಯಿಂದ ಇನ್ನೂ ಇಳಿಯುತ್ತಿದ್ದ ರಾತ್ರಿಯ ಮಳೆನೀರಿಗೆ ಎಲ್ಲ ತೊಳೆದುಹೋಗಿತ್ತು. ಅಕ್ಕ ಬಂಡೆಗೆ ಒರಗಿ ನಿಂತರು. ಗಾಯಗೊಂಡವನು ಸಿಗದೇ ಹೋದರೆ ಅನ್ನುವ ಹೆದರಿಕೆ ಅವರ ಮುಖದಲ್ಲಿತ್ತು. ನಾನು ಬಂಡೆಯ ಸುತ್ತ ಹೊಟ್ಟೆಯ ಮೇಲೆ ತೆವಳಿದೆ. ಜರಿಗಿಡವೊಂದರ ಎಲೆ ಎತ್ತಿದಾಗ ಅಡಿಯಲ್ಲಿ ಒಂದು ಹನಿ ಕಂಡಿತು, ಕುಂಕುಮದ ಬೊಟ್ಟಿನಷ್ಟು. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ಬಿದ್ದ ಮರದ ಪಕ್ಕ, ಅವನು ಮಲಗಿದ್ದ. ಜೀವ ಹೋಗಿ ಬಹಳ ಹೊತ್ತಾಗಿತ್ತು.

“ಸಿಕ್ಕಿದ ಅಕ್ಕ! ಸಿಕ್ಕಿದ!” ಅಂತ ನಾನು ಕಿರುಚಿದ ಸದ್ದಿಗೆ ಮರದ ಗಿಳಿಗಳೆಲ್ಲ ಹಾರಿದವು.

ಅಕ್ಕ ಬಂದು ಮಂಡಿಯೂರಿ ಅವನ ಹಣೆಯ ಮೇಲೆ ಕೈಯಿಟ್ಟರು. “ಧಣ್ಯಾರ, ತಪ್ಪಾತು,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಉಪಕಾರ ಆತು,” ಅಂದರು. ಆಮೇಲೆ ಜೋರಾಗಿ ಅತ್ತರು. ನಾನೂ ಅತ್ತೆ, ನಕ್ಕೆ, ಅವರನ್ನು ತಬ್ಬಿಕೊಳ್ಳಲು ಹೋಗಿ ಭುಜಕ್ಕೆ ತಾಗಿಸಿ ಬೈಸಿಕೊಂಡೆ.

ಅವರ ಬಲಗೈ ಏನನ್ನೂ ಎತ್ತುವಂತಿರಲಿಲ್ಲ. ಮಾಂಸವನ್ನು ಚೀಲಕ್ಕೆ ತುಂಬಿ ಕಾರಿನವರೆಗೆ ಹೊತ್ತವಳು ನಾನು, ನಾಲ್ಕು ಸಲ. ಮೈಸೂರಿನ ನಮ್ಮಮ್ಮ ನೋಡಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದರು. ಅಕ್ಕ ಅದನ್ನು ಕ್ಲಬ್ಬಿನವರಿಗೆ, ಬೀದಿಯವರಿಗೆ ಹಂಚಿದರು. ನನಗೆ ಬರಿಯ ಅನ್ನ, ತಿಳಿಸಾರು ಬಡಿಸಿದರು. ತಿಂದು ನೋಡು ಅಂತ ಒಂದು ಸಲವೂ ಅನ್ನಲಿಲ್ಲ.

ಗುರುವಾರ ಆಪರೇಷನ್ ಆಯಿತು. ರೊಟ್ಟಿ ಬಡಿಯುವಷ್ಟು ಕೈ ವಾಪಸ್ ಬಂತು, ಬಿಲ್ಲು ಎಳೆಯುವಷ್ಟು ಬರಲಿಲ್ಲ. ಆದರೂ ಭಾನುವಾರ ಭಾನುವಾರ ಕ್ಲಬ್ಬಿಗೆ ಹೋಗಿ ಹೊಸಬರ ಮೊಣಕೈ ತಿದ್ದುತ್ತಿದ್ದರಂತೆ, ಬೆಳಗಾವಿ ಇಂಗ್ಲಿಷಿನಲ್ಲಿ ಗದರಿಸುತ್ತಿದ್ದರಂತೆ. ಫೋನಿನಲ್ಲಿ ವಾರಕ್ಕೊಮ್ಮೆ ಸಿಗುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ವಾಕಿಂಗ್‌ನಲ್ಲಿದ್ದಾಗ ಎದೆನೋವು ಬಂದು ಕೂತವರು ಏಳಲಿಲ್ಲ. ಭಾವ ಫೋನ್ ಮಾಡಿದಾಗ ನಾನು ಗಿರಾವೀನ್‌ನ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಸ್ಟೌವ್ ಆರಿಸಿ ಹೊರಟುಬಿಟ್ಟೆ.

ಅಂತ್ಯಕ್ರಿಯೆಗೆ ಕ್ಲಬ್ಬಿನವರೆಲ್ಲ ಬಂದಿದ್ದರು. ಆ ಫೋರ್ಕ್‌ಲಿಫ್ಟ್ ಮುದುಕ ಟೈ ಕಟ್ಟಿಕೊಂಡು ಬಂದಿದ್ದ. ನನ್ನನ್ನು ಕಂಡವನೇ ಎರಡೂ ಕೈಯಿಂದ ನನ್ನ ಕೈ ಹಿಡಿದು, ಸುತ್ತಲಿದ್ದವರಿಗೆ ಹೇಳಿದ: ಆ ಕಡವೆ ಹೊಡೆದ ಇನ್ನೊಬ್ಬಳು ಇವಳೇ, ವಾಸನೆಯಿಂದ ಅದನ್ನು ಮೇಲಕ್ಕೆ ನಡೆಸುವ ಉಪಾಯ ಇವಳದೇ, ಐವತ್ತು ವರ್ಷದಲ್ಲಿ ನಾನು ಇಂಥದ್ದು ಕೇಳಿಲ್ಲ.

ನಾನು ತಬ್ಬಿಬ್ಬಾಗಿ ಭಾವನ ಮುಖ ನೋಡಿದೆ.

“ಆಕಿ ಎಂದೂ ‘ನಾ ಹೊಡದೆ’ ಅಂದಿಲ್ಲವಾ,” ಅಂದರು ಭಾವ, ಕಣ್ಣೊರೆಸಿಕೊಳ್ಳುತ್ತ. “‘ನಾವು ಹೊಡದ್ವಿ, ಉಪಾಯ ಮೈಸೂರಾಕಿದು’ ಅಂತಿದ್ಲು. ನೀ ಡಬ್ಬಿ ತಗದಿದ್ದು ನನ್ನ ಬಿಟ್ಟು ಯಾರಿಗೂ ಹೇಳಿಲ್ಲ. ನಾನೂ ಯಾರ ಮುಂದೂ ಬಾಯಿ ಬಿಡಬಾರದಂತ ಆಣಿ ಹಾಕಿದ್ಲು.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಲ್ಲ, ಅದು ಉಪಾಯವಲ್ಲ, ನನ್ನ ತಪ್ಪು, ನಾನೇ ಎಲ್ಲ ಕೆಡಿಸಿದ್ದೆ ಅಂತ ಹೇಳಲು ಬಾಯಿ ತೆರೆದೆ. ಮಾತು ಮಾತಿಗೂ ಸಾರಿ ಅನ್ನುವ ಬಾಯಿ ನನ್ನದು. ಆದರೆ ಹಾಗೆ ಹೇಳಿದರೆ ಅಕ್ಕನ ಮಾತು ಸುಳ್ಳಾಗುತ್ತಿತ್ತು, ಅದೂ ಅಲ್ಲೇ ಮಲಗಿದ್ದ ಅವರ ಎದುರಿನಲ್ಲೇ.

“ಹೌದು,” ಅಂದೆ, “ನಾವಿಬ್ಬರೂ ಸೇರಿಯೇ ಹೊಡೆದದ್ದು.”